ಪರಿಷೆ ಅಂಗಡೀಲಿ ಗಲ್ಲಾಕ್ಕೆ ಒಂದು ಕೈ ಬೇರೆ ಇರ್ಬೇಕು

ಮೊನ್ನೆ ಯಾರೋ ಬರೆದಿದ್ರು, ಕಡಲೆಕಾಯಿ ಪರಿಷೆಗೆ ಹೋಗಿದ್ವಿ, ಒಂದು ಸೇರು ತಗೊಂಡು ಸ್ಕ್ಯಾನರ್ ಎಲ್ಲಿ ಅಂತ ಕೇಳಿದ್ರೆ ಈಗ ಬೇಡ ಕ್ಯಾಶ್ ಕೊಡಿ ಅಂದ್ರು, ಇವ್ರೆಲ್ಲಾ ತೆರಿಗೆ ಕಳ್ಳರು ಅಂತ. ಕೆಳಗೆ ಹೌದು ಹೌದು ಅಂತ ತುಂಬಾ ಜನ ಹೇಳಿದಾರೆ. ಓದಿ ಸಂಕಟ ಆಯ್ತು. ನಮ್ಮದು ಚಿಂತಾಮಣಿ ಕಡೆ ಹಳ್ಳಿ, ತಾತನ ಕಾಲದಿಂದ ಕಾರ್ತಿಕದ ಕೊನೇ ಸೋಮವಾರ ಅಂದ್ರೆ ನಮ್ಮ ಮನೆಯೋರೆಲ್ಲಾ ಬಸವನಗುಡೀಲೇ ಇರ್ತೀವಿ. ನಾನು ಈಗ ಬೆಂಗಳೂರಲ್ಲೇ ಆಫೀಸ್ ಕೆಲಸ ಮಾಡ್ತೀನಿ, ಆದ್ರೂ ಪರಿಷೆ ದಿನ ರಜಾ ಹಾಕಿ ಗಲ್ಲಾ ಮುಂದೆ ಕೂರ್ತೀನಿ. ಹನ್ನೆರಡನೇ ವಯಸ್ಸಿಂದ ಅದೇ ನನ್ನ ಜಾಗ. ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಬೇಜಾರಾಗ್ಬೇಡಿ.

ಸೋಮವಾರ ಸಂಜೆ ಆರರಿಂದ ಒಂಬತ್ತರ ತನಕ ಬುಲ್ ಟೆಂಪಲ್ ರಸ್ತೇಲಿ ನಿಂತು ನೋಡಿದೀರಾ? ನಡೆಯೋ ಹಾಗೇ ಇಲ್ಲ, ಜನ ತಳ್ಕೊಂಡು ಹೋಗೋ ಕಡೆ ಹೋಗೋದು ಅಷ್ಟೇ. ಅಷ್ಟೂ ಜನರ ಕೈಲಿ ಫೋನು, ಎಲ್ರೂ ವಿಡಿಯೋ ಕಳಿಸ್ತಿರ್ತಾರೆ, ನೆಟ್‌ವರ್ಕ್ ಸತ್ತು ಹೋಗಿರುತ್ತೆ. ಒಬ್ರು ಸ್ಕ್ಯಾನ್ ಮಾಡ್ತಾರೆ, ಚಕ್ರ ತಿರುಗ್ತಾ ಇರುತ್ತೆ, ಅವ್ರು ಕೈ ಮೇಲೆತ್ತಿ ಸಿಗ್ನಲ್ ಹುಡುಕ್ತಾರೆ, ಹಿಂದೆ ಎಂಟು ಜನ ಚೀಲ ಹಿಡ್ಕೊಂಡು ನಿಂತಿರ್ತಾರೆ. ಕೊನೆಗೆ ದುಡ್ಡು ಕಟ್ ಆಗಿದೆ ಅಂತ ಅವ್ರು, ನಮಗೆ ಬಂದಿಲ್ಲ ಅಂತ ನಾವು, ಇಬ್ರೂ ಸತ್ಯವೇ ಹೇಳ್ತಿರ್ತೀವಿ. ಸೌಂಡ್ ಬಾಕ್ಸ್ ಇದೆ, ಆದ್ರೆ ಪಕ್ಕದ ಅಂಗಡಿದು, ಎದುರಿಂದು, ನಮ್ಮದು ಮೂರೂ ಒಂದೇ ದನಿಯಲ್ಲಿ ಕೂಗ್ತವೆ, ಪೀಪಿ ಸದ್ದು ಬೇರೆ, ಐವತ್ತು ರೂಪಾಯಿ ಯಾರಿಗೆ ಬಂತು ಅಂತ ಯಾರಿಗೂ ತಿಳಿಯಲ್ಲ. ಸುಳ್ಳು ಆ್ಯಪಲ್ಲಿ ಹಸಿರು ಟಿಕ್ ತೋರಿಸಿ ಹೋಗೋರೂ ಇದಾರೆ. ಆ ಮೂರು ಗಂಟೇಲಿ ನಾವು ಕ್ಯಾಶ್ ಕೊಡಿ ಅನ್ನೋದು ಇದಕ್ಕೆ. ಚಿಲ್ರೆ ಸರಿಯಾಗಿದ್ರೆ ಒಂದು ನೋಟಿನ ವ್ಯಾಪಾರ ಅರ್ಧ ನಿಮಿಷಾನೂ ಹಿಡಿಯಲ್ಲ.

ಆ ‘ಚಿಲ್ರೆ ಸರಿಯಾಗಿದ್ರೆ’ ಅನ್ನೋದರಲ್ಲೇ ಎಲ್ಲಾ ಇರೋದು. ಹೊಸದಾಗಿ ಅಂಗಡಿ ಹಾಕೋರು ತಾಡಪಾಲು, ಬಲ್ಬು, ತಕ್ಕಡಿ ಎಲ್ಲಾ ತರ್ತಾರೆ, ಚಿಲ್ರೆ ಮಾತ್ರ ಗಿರಾಕಿ ಕೊಡ್ತಾರೆ ಅಂದ್ಕೊಂಡು ಬರ್ತಾರೆ. ಯಾರೂ ಕೊಡಲ್ಲ ಕಣ್ರೀ. ಬೋಣಿ ಮಾಡೋರೇ ಐನೂರು ಚಾಚ್ತಾರೆ, ಬೋಣೀನ ಬಿಟ್ಟು ಕಳಿಸೋಕೆ ಮನಸ್ಸು ಬರಲ್ಲ, ಇರೋ ಚಿಲ್ರೆ ಅಷ್ಟೂ ಅಲ್ಲೇ ಹೋಯ್ತು. ನಾನು ಒಂದು ವಾರ ಮುಂಚೆಯಿಂದ ಕೂಡಿಸ್ತೀನಿ. ಹತ್ತರ ನೋಟಿನ ಕಟ್ಟು ಮೂರು, ಇಪ್ಪತ್ತರದ್ದು ಒಂದು, ಐವತ್ತರದ್ದು ಇಪ್ಪತ್ತು ನೋಟು, ಐನೂರು ರೂಪಾಯಿಗೆ ನಾಣ್ಯ, ಒಟ್ಟು 6,500. ಇದು ಒಂದು ದಿನಕ್ಕೆ. ಬ್ಯಾಂಕಲ್ಲಿ ಒಂದ್ಸಲ ಇಲ್ಲ ಅಂತಾರೆ, ಒಂದ್ಸಲ ಮ್ಯಾನೇಜರ್ ಒಳ್ಳೆಯೋರು ಸಿಗ್ತಾರೆ. ಸಿಗದೇ ಹೋದ ವರ್ಷ ಹೊರಗಡೆ ನೂರಕ್ಕೆ ಐದು ರೂಪಾಯಿ ಬಿಟ್ಟು ತಗೊಂಡಿದೀವಿ, ಅಂದ್ರೆ ನಮ್ಮ ದುಡ್ಡು ಕೊಟ್ಟು ನಮ್ಮ ದುಡ್ಡನ್ನೇ ಕೊಂಡ್ಕೊಂಡ ಹಾಗೆ.

ಬೆಲೆ ಇಡೋದರಲ್ಲೂ ಇದೆ. ಒಂದು ವರ್ಷ ಸೇರಿಗೆ ಅರವತ್ತು ಇಟ್ಟಿದ್ವಿ. ನೂರು ಕೊಟ್ರೆ ನಲವತ್ತು, ಇನ್ನೂರು ಕೊಟ್ರೆ ನೂರ ನಲವತ್ತು, ಮಧ್ಯಾಹ್ನದ ಹೊತ್ತಿಗೆ ಹತ್ತರ ಕಟ್ಟು ಮೂರೂ ಖಾಲಿ. ಅಮ್ಮನೇ ಹೇಳಿದ್ದು, ಅಳತೆ ಒಂಚೂರು ಇಳಿಸಿ ಐವತ್ತು ಮಾಡು, ಅದನ್ನೇ ಬೋರ್ಡಲ್ಲಿ ಬರಿ, ಯಾರಿಗೂ ಮೋಸ ಇಲ್ಲ ಅಂತ. ಆಮೇಲೆ ಐವತ್ತು, ನೂರು ಅಷ್ಟೇ, ಗಲ್ಲಾ ತಾನಾಗಿ ತಿರುಗೋಕೆ ಶುರುವಾಯ್ತು. ಅವತ್ತಿಂದ ನಾವು ಅರವತ್ತು ಎಪ್ಪತ್ತು ಅನ್ನೋ ಬೆಲೆಗೆ ಹೋಗೇ ಇಲ್ಲ.

ಇನ್ನು ನಾನು ಎಲ್ರಿಗೂ ಹೇಳೋದು, ಅಳೆಯೋ ಕೈ ದುಡ್ಡು ಮುಟ್ಟಬಾರದು. ನಮ್ಮಲ್ಲಿ ಅಪ್ಪ ಅಳೀತಾರೆ, ಅಮ್ಮ ಚೀಲಕ್ಕೆ ಸುರೀತಾರೆ, ನಾನು ದುಡ್ಡು. ಒಂದಾಳು ಕೂಲಿ ಉಳಿಯುತ್ತೆ ಅಂತ ಎರಡೂ ಒಬ್ರೇ ಮಾಡಿದ್ರೆ ಆ ಕೂಲೀಗಿಂತ ಜಾಸ್ತಿ ಲೆಕ್ಕದಲ್ಲಿ ಹೋಗುತ್ತೆ, ಇದನ್ನ ನಾನು ಕಣ್ಣಾರೆ ಕಂಡಿದೀನಿ. ನಮ್ಮ ಚಿಕ್ಕಪ್ಪ ಒಬ್ರೇ ಕೂತಿದ್ದ ವರ್ಷ ಒಬ್ಬ ಬಂದು ಐನೂರು ಕೊಟ್ಟ, ಎರಡು ಸೇರು ತಗೊಂಡ, ಚಿಕ್ಕಪ್ಪ ನಾನೂರು ಎಣಿಸೋವಾಗ ‘ಅಣ್ಣಾ ಇರಿ, ನನ್ನತ್ರ ನೂರು ಇದೆ, ಆ ಐನೂರು ವಾಪಸ್ ಕೊಡಿ’ ಅಂದ, ಅಷ್ಟರಲ್ಲಿ ಅವನ ಜೊತೆಯವನು ‘ಇನ್ನೂರಕ್ಕೆ ಚಿಲ್ರೆ ಇದ್ಯಾ’ ಅಂದ, ಇನ್ನೊಬ್ಬಳು ಹಸೀದಾ ಹುರಿದದ್ದಾ ಅಂತ ಕೇಳಿದಳು. ಐನೂರೂ ಹೋಯ್ತು ನಾನೂರೂ ಹೋಯ್ತು. ರಾತ್ರಿ ಲೆಕ್ಕ ಹಾಕೋವರೆಗೂ ಗೊತ್ತೇ ಆಗ್ಲಿಲ್ಲ. ಚಿಕ್ಕಪ್ಪ ಆ ರಾತ್ರಿ ಊಟ ಮಾಡ್ಲಿಲ್ಲ, ಅದನ್ನ ನೆನೆಸಿದ್ರೆ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದಾದ್ಮೇಲೆ ನಾನು ಹಿಡಿದಿರೋ ಪದ್ಧತಿ ಏನಂದ್ರೆ ನೋಟು ಕೈಗೆ ಬಂದ ತಕ್ಷಣ ಜೋರಾಗಿ ‘ಐನೂರು ಕೊಟ್ರಿ’ ಅಂತೀನಿ, ಗಿರಾಕಿಗೂ ಕೇಳ್ಬೇಕು ಅಪ್ಪಂಗೂ ಕೇಳ್ಬೇಕು. ಆ ನೋಟು ಡಬ್ಬಿ ಒಳಗೆ ಹಾಕಲ್ಲ, ಮೇಲೆ ಕಲ್ಲು ಕೆಳಗೆ ಇಡ್ತೀನಿ, ಚಿಲ್ರೆ ಅವ್ರ ಕೈ ಸೇರಿ ಅವ್ರು ಸರಿ ಅಂದ ಮೇಲೇ ಒಳಗೆ. ನಾನು ಕೊಟ್ಟಿದ್ದು ಐನೂರು, ನೀವು ಕೊಟ್ಟಿದ್ದು ನೂರು ಅನ್ನೋ ಜಗಳ ನಮ್ಮ ಅಂಗಡೀಲಿ ಅಲ್ಲಿಗೆ ನಿಂತೋಯ್ತು. ಚಿಲ್ರೆ ಕೊಡೋವಾಗ ಕಳೆಯಲ್ಲ, ಕೂಡ್ತಾ ಹೋಗ್ತೀನಿ. ಮಾಲಿಂದು ಐವತ್ತು, ಇದು ನೂರು, ಇದು ಇನ್ನೂರು ಅಂತ ಒಂದೊಂದೇ ಕೈಗಿಟ್ಕೊಂಡು ಅವ್ರು ಕೊಟ್ಟ ನೋಟಿನ ತನಕ. ಅಜ್ಜಿ ಮಾಡ್ತಿದ್ದಿದ್ದು ಹೀಗೇ, ಅವ್ರಿಗೆ ಓದೋಕೆ ಬರ್ತಿರ್ಲಿಲ್ಲ, ಒಂದು ದಿನಾನೂ ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ. ಮಧ್ಯದಲ್ಲಿ ಇನ್ನೊಬ್ರು ಚಿಲ್ರೆ ಕೇಳಿದ್ರೆ ‘ಒಂದ್ ನಿಮಿಷ ಅಣ್ಣ, ಇವ್ರದ್ದು ಮುಗೀಲಿ’ ಅಷ್ಟೇ, ಎಷ್ಟು ಅವಸರ ಮಾಡಿದ್ರೂ ತಲೆ ಎತ್ತಲ್ಲ.

ರಾತ್ರಿ ಹಳದಿ ಬಲ್ಬಿನ ಕೆಳಗೆ ಇಪ್ಪತ್ತರ ಹೊಸ ನೋಟೂ ಇನ್ನೂರರ ನೋಟೂ ಒಂದೇ ತರ ಕಾಣುತ್ತೆ, ಅದೂ ಮಡಚಿ ಕೊಟ್ರೆ ಮುಗೀತು. ಇಪ್ಪತ್ತರದ್ದು 129 ಮಿಲಿಮೀಟರ್ ಉದ್ದ, ಇನ್ನೂರರದ್ದು 146, ಬಿಡಿಸಿ ಹಿಡಿದ್ರೆ ಕೈಗೇ ಗೊತ್ತಾಗುತ್ತೆ. ಹಾಗಾಗಿ ಯಾರೇ ಮಡಚಿ ಕೊಟ್ರೂ ಬಿಡಿಸೇ ಇಟ್ಕೊಳ್ಳಿ. ಐನೂರರದ್ದಾದ್ರೆ ಸ್ವಲ್ಪ ಓರೆ ಮಾಡಿ ನೋಡಿ, ಮಧ್ಯದ ದಾರ ಹಸಿರಿಂದ ನೀಲಿಗೆ ತಿರುಗ್ಬೇಕು. ಎರಡು ಸೆಕೆಂಡಿನ ಕೆಲಸ, ಗಿರಾಕಿ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಬಿಳಿ ಎಲ್‌ಇಡಿ ಬಲ್ಬು ಒಂದು ಗಲ್ಲಾ ಮೇಲೆ ನೇರವಾಗಿ ಕಟ್ಟಿ, ಕಡಲೆಕಾಯಿ ರಾಶಿ ಮೇಲೆ ಹಳದೀದು ಇರ್ಲಿ.

ಡಬ್ಬಿ ತುಂಬೋಕೆ ಬಿಡಬಾರದು. ಗಂಟೆಗೊಂದ್ಸಲ ಐನೂರರ ನೋಟೆಲ್ಲಾ ತೆಗೆದು ಅಮ್ಮನ ಸೊಂಟದ ಚೀಲಕ್ಕೆ ಹೋಗುತ್ತೆ, ಎಷ್ಟು ಅಂತ ಬಾಯಲ್ಲಿ ಹೇಳಲ್ಲ, ಚೀಟೀಲಿ ಬರ್ದು ಕೊಡ್ತೀನಿ. ರಸ್ತೇಲಿ ಕೂತು ನೋಟು ಎಣಿಸೋದು ಅಂದ್ರೆ ಕಳ್ಳನಿಗೆ ಪತ್ರ ಬರೆದ ಹಾಗೆ. ಎಣಿಕೆ ಏನಿದ್ರೂ ರಾತ್ರಿ ಟೆಂಪೋ ಒಳಗೆ.

ಹತ್ತು ರೂಪಾಯಿ ನಾಣ್ಯದ ವಿಷಯ ಹೇಳದೇ ಇರೋಕಾಗಲ್ಲ. ನಾನು ಕೊಟ್ರೆ ‘ಇದು ನಡೆಯಲ್ಲ, ನೋಟು ಕೊಡಮ್ಮ’ ಅಂತಾರೆ, ಓದಿರೋರೇ ಅಂತಾರೆ. ಎಲ್ಲಿಂದ ಬಂತೋ ಈ ಸುದ್ದಿ. ರಿಸರ್ವ್ ಬ್ಯಾಂಕ್ 2018ರ ಜನವರೀಲೇ ಹದಿನಾಲ್ಕು ತರದ ಡಿಸೈನೂ ಚಲಾವಣೇಲಿದೆ, ಗೆರೆ ಹತ್ತಿರ್ಲಿ ಹದಿನೈದಿರ್ಲಿ ರೂಪಾಯಿ ಗುರ್ತು ಇರ್ಲಿ ಇಲ್ದಿರ್ಲಿ ಎಲ್ಲಾ ನಡೆಯುತ್ತೆ ಅಂತ ಹೇಳಿದೆ. ನಾಣ್ಯ ಹರಿಯಲ್ಲ, ಒದ್ದೆಯಾಗಲ್ಲ, ಹುರಿದ ಕಡಲೆಕಾಯಿ ಮಸಿ ಅಂಟಲ್ಲ, ಬಯಲಲ್ಲಿ ಅಂಗಡಿ ಹಾಕೋರಿಗೆ ಅದಕ್ಕಿಂತ ಒಳ್ಳೇ ಚಿಲ್ರೆ ಇಲ್ಲ. ಅದನ್ನೇ ಜನ ಬೇಡ ಅಂದ್ರೆ ನಾವು ಮಾಸಿದ ಹತ್ತರ ನೋಟು ಎಲ್ಲಿಂದ ತರೋಣ? ದಯವಿಟ್ಟು ತಗೊಳ್ಳಿ, ನಾವು ತಗೋತೀವಿ.

ಕ್ಯಾಶ್ ಅಂದ್ರೆ ಕಳ್ಳತನ ಅನ್ನೋರಿಗೆ ನಾನು 2016ರ ಪರಿಷೆ ಹೇಳ್ಬೇಕು. ಆ ವರ್ಷ ಪರಿಷೆ ಬಂದಿದ್ದು ನವೆಂಬರ್ 28ಕ್ಕೆ. ಐನೂರು, ಸಾವಿರದ ನೋಟು ರದ್ದಾಗಿದ್ದು 8ನೇ ತಾರೀಕು ರಾತ್ರಿ. ಮಧ್ಯೆ ಇಪ್ಪತ್ತೇ ದಿನ. ಮಾಲು ಹಾಕ್ಕೊಂಡು ಬಂದಾಗಿತ್ತು, ವಾಪಸ್ ಒಯ್ಯೋಕಾಗಲ್ಲ. ಬರೋರ ಕೈಲೆಲ್ಲಾ ಗುಲಾಬಿ ಬಣ್ಣದ ಎರಡು ಸಾವಿರದ ನೋಟು, ಒಂದು ಸೇರು ಕಡಲೆಕಾಯಿಗೆ. ನಮ್ಮತ್ರ ಕೊಡೋಕೆ ಏನೂ ಇಲ್ಲ. ಮಕ್ಕಳು ರಾಶಿ ನೋಡ್ತಾ ನಿಂತಿರ್ತಿದ್ವು, ಅಪ್ಪ ಅಮ್ಮ ಎಳ್ಕೊಂಡು ಹೋಗ್ತಿದ್ರು. ನಮ್ಮಪ್ಪ ಮಧ್ಯಾಹ್ನದವರೆಗೂ ನೋಡಿ ನೋಡಿ ಆಮೇಲೆ ನನ್ನ ಕೈಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು, ‘ಬರ್ಕೊಮ್ಮ, ದುಡ್ಡು ಇದ್ದಾಗ ಕೊಡ್ಲಿ’ ಅಂದ್ರು. ಗುರ್ತು ಪರಿಚಯ ಇಲ್ಲದೋರಿಗೆ, ಬೆಂಗಳೂರಲ್ಲಿ! ನಾನು ಬೇಡಪ್ಪಾ ಅಂದೆ. ಕೇಳ್ಲಿಲ್ಲ. ನಲವತ್ತೊಂದು ಹೆಸರು ಬರ್ದೆ. ಮಂಗಳವಾರ ಬೆಳಗ್ಗೆ ಎನ್.ಆರ್. ಕಾಲೋನಿ ಕಡೆಯಿಂದ ಒಬ್ರು ಅಜ್ಜಿ ಸ್ಟೀಲ್ ಡಬ್ಬೀಲಿ ನಾಣ್ಯ ತಂದ್ರು, ಮೊಮ್ಮಗನ ಹುಂಡಿ ಒಡೆದ್ವಿ ಅಂತ, ತಮ್ಮ ಬಾಕಿ ಕೊಟ್ಟು ಉಳಿದಿದ್ದಕ್ಕೂ ಇನ್ನೆರಡು ಸೇರು ತಗೊಂಡ್ರು, ನಮಗೆ ಆ ದಿನದ ಚಿಲ್ರೆ ಆಗಿದ್ದು ಅದೇ. ಒಟ್ಟು ಮೂವತ್ಮೂರು ಜನ ಕೊಟ್ರು, ಕೆಲವ್ರು ಮುಂದಿನ ವರ್ಷದ ಪರಿಷೇಲಿ ಹುಡುಕ್ಕೊಂಡು ಬಂದು ಕೊಟ್ರು. ಆ ನೋಟ್‌ಬುಕ್ ಇನ್ನೂ ಮನೇಲಿದೆ.

ಅದೇ ನೋಟ್‌ಬುಕ್ಕಿಂದ ನಮಗೆ ಲೆಕ್ಕ ಬರೆಯೋ ಅಭ್ಯಾಸ ಬಂತು. ಬೆಳಗ್ಗೆ ಗಲ್ಲಾಕ್ಕೆ ಹಾಕಿದ ಚಿಲ್ರೆ ಎಷ್ಟು, ಎಷ್ಟು ಮೂಟೆ ಬಿಚ್ಚಿದ್ವಿ, ಹಮಾಲಿಗೆ, ಟೆಂಪೋಗೆ, ಟೀಗೆ ತೆಗೆದಿದ್ದೆಷ್ಟು, ಫೋನಲ್ಲಿ ಬಂದಿದ್ದೆಷ್ಟು, ರಾತ್ರಿ ಉಳಿದಿದ್ದೆಷ್ಟು. ಹಮಾಲಿ ಅಣ್ಣಂದಿರಿಗೆ, ಟೆಂಪೋದೋರಿಗೆ ಅವತ್ತಿಂದವತ್ತೇ ನೋಟೇ ಬೇಕು, ಅದನ್ನೂ ಯಾರೂ ಯೋಚ್ನೆ ಮಾಡಲ್ಲ. ಮನೇಯೋರ ಕೈ ಅಂತ ಬರೀದೇ ನೂರು ತೆಗೆದ್ರೂ ಲೆಕ್ಕ ಹಾಳು, ಅಪ್ಪ ಆದ್ರೂ ಬರ್ದೇ ತಗೋಬೇಕು ಅಂತ ನಾನು ಕಟ್ಟುನಿಟ್ಟು ಮಾಡಿದೀನಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ, ಹಾಲು ತರಕಾರಿ ಮಾರೋರಿಗೂ ಬಂತಲ್ಲ, ಆಗ ನಮ್ಮ ಕಡೆಯೋರೂ ಎಷ್ಟೋ ಜನ ಹೆದರಿ ಸ್ಟಿಕ್ಕರ್ ಕಿತ್ತು ಹಾಕಿದ್ರು. 23ನೇ ತಾರೀಕು ಮುಖ್ಯಮಂತ್ರಿಗಳು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು, ವ್ಯಾಪಾರಿಗಳು 25ಕ್ಕೆ ಕರೆದಿದ್ದ ಬಂದ್ ನಿಂತೋಯ್ತು, ಆದ್ರೆ ಭಯ ಹೋಗ್ಲಿಲ್ಲ. ನಾನು ನಮ್ಮೋರಿಗೆ ಹೇಳಿದ್ದೇ ಇಲ್ಲೂ ಹೇಳ್ತೀನಿ. ಸಾಮಾನು ಮಾರೋರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಅದು ಒಟ್ಟು ವಹಿವಾಟಿಗೆ, ನೋಟಲ್ಲಿ ಬಂದಿದ್ದೂ ಸೇರಿ. ಸ್ಕ್ಯಾನರ್ ಕಿತ್ರೆ ಏನೂ ತಪ್ಪಿಸಿದ ಹಾಗಾಗಲ್ಲ, ಇಟ್ರೆ ಏನೂ ಹೋಗಲ್ಲ. ನಮ್ಮಂಥೋರಿಗೆ ಐದು ದಿನದ ಪರಿಷೇಲಿ ಎರಡು ಲಕ್ಷ ದಾಟಿದ್ರೆ ಅದೇ ದೊಡ್ಡದು. ಇದನ್ನ ನೋಟಿಸಿಗೆ ಮುಂಚೆ ಮಾರ್ಕೆಟ್ಟಿಗೆ ಬಂದು, ನೆಲದ ಮೇಲೆ ಕೂತು, ಕನ್ನಡದಲ್ಲಿ ಹೇಳಿದ್ರೆ ಅಷ್ಟು ಜನ ಹೆದರ್ತಿರ್ಲಿಲ್ಲ ಅಂತ ನನ್ನ ಅನಿಸಿಕೆ, ಅನಿಸಿಕೆ ಅಲ್ಲ ಸಿಟ್ಟೇ.

ಮುಂದಿನ ಪರಿಷೆಗೆ ಬರೋರು ಹತ್ತು, ಐವತ್ತರ ನೋಟು ನಾಲ್ಕು ಜೇಬಲ್ಲಿಟ್ಕೊಂಡು ಬನ್ನಿ, ನಾಣ್ಯ ಇದ್ರೆ ಇನ್ನೂ ಸಂತೋಷ. ಇಲ್ಲದೇ ಇದ್ರೆ ಬೆಳಗ್ಗೆ ಹತ್ತರೊಳಗೆ ಬನ್ನಿ, ಆಗ ನೆಟ್‌ವರ್ಕ್ ಇರುತ್ತೆ, ಸ್ಕ್ಯಾನರ್ ಮೊದಲನೇ ಮೂಟೆ ಮೇಲೇ ಇಟ್ಟಿರ್ತೀವಿ.