ಕಿಲೋಗ್ರಾಂ ವ್ಯಾಖ್ಯೆಯ ಬದಲಾವಣೆ: ಒಂದು ಸ್ಪಷ್ಟನೆ

‘ವಿಜ್ಞಾನಿಗಳು ಮತ ಹಾಕಿ ಕಿಲೋಗ್ರಾಂ ಅನ್ನೇ ಬದಲಿಸಿದರು, ಆದ್ದರಿಂದ ಅಳತೆಯೆಂಬುದು ಬರೀ ಮನುಷ್ಯರ ಅಭಿಪ್ರಾಯ’ ಎಂಬ ಮಾತು ಹರಿದಾಡುತ್ತಿದೆ. ಈ ತೀರ್ಮಾನ ತಪ್ಪು.

2018ರ ನವೆಂಬರ್ 16ರಂದು ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನದ ಸದಸ್ಯ ರಾಷ್ಟ್ರಗಳು ಮತ ಹಾಕಿದ್ದು ಹೌದು. ಹೊಸ ವ್ಯಾಖ್ಯೆ 2019ರ ಮೇ 20ರಂದು ಜಾರಿಗೆ ಬಂದಿತು. ಆದರೆ ಇದಕ್ಕೆ ಕಾರಣ ಯಾರ ಇಷ್ಟಾನಿಷ್ಟವೂ ಅಲ್ಲ. ಪ್ಯಾರಿಸ್ ಬಳಿ 1889ರಿಂದ ಮೂಲಮಾನವಾಗಿದ್ದ ಪ್ಲಾಟಿನಂ-ಇರಿಡಿಯಂ ಲೋಹದ ತೂಕದ ಬಟ್ಟನ್ನು ಅದರ ಪ್ರತಿಗಳೊಂದಿಗೆ ಹೋಲಿಸಿದಾಗ, ನೂರು ವರ್ಷಗಳಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಮೂಡಿದ್ದು ಕಂಡುಬಂದಿತ್ತು. ಮೂಲ ಬಟ್ಟೇ ವ್ಯಾಖ್ಯೆಯಾಗಿದ್ದರಿಂದ, ಅದು ಹಗುರವಾಯಿತೋ ಪ್ರತಿಗಳು ಭಾರವಾದವೋ ಎಂದು ನಿರ್ಣಯಿಸಲು ದಾರಿಯೇ ಇರಲಿಲ್ಲ. ಅಳತೆಯ ದೋಷವನ್ನು ಬಯಲಿಗೆ ತಂದದ್ದೂ ಅಳತೆಯೇ ಎಂಬುದು ಇಲ್ಲಿ ಗಮನಾರ್ಹ.

ಈಗಿನ ಆಧಾರ ಪ್ರಕೃತಿಯಲ್ಲಿ ಎಲ್ಲೆಡೆ ಒಂದೇ ಆಗಿರುವ ಮೌಲ್ಯವಾದ ಪ್ಲಾಂಕ್ ಸ್ಥಿರಾಂಕ: 6.62607015 × 10⁻³⁴ ಜೂಲ್-ಸೆಕೆಂಡ್. ವಿದ್ಯುತ್ಕಾಂತ ಬಲದಿಂದ ತೂಗುವ ಕಿಬ್ಬಲ್ ತಕ್ಕಡಿ ಮತ್ತು ಸಿಲಿಕಾನ್ ಗೋಳದ ಪರಮಾಣುಗಳ ಎಣಿಕೆ ಎಂಬ ಎರಡು ಬೇರೆಬೇರೆ ವಿಧಾನಗಳ ಫಲಿತಾಂಶಗಳು ಹೊಂದಿಕೊಂಡ ಮೇಲೆಯೇ ಈ ಸಂಖ್ಯೆ ನಿಗದಿಯಾಯಿತು. ಅಳತೆಯ ಮೂಲಮಾನವನ್ನು ಆರಿಸುವವರು ಮನುಷ್ಯರೇ, ನಿಜ. ಆದರೆ ಒಂದು ಅಕ್ಕಿಚೀಲ ಇನ್ನೊಂದರ ಎರಡರಷ್ಟು ಭಾರವಿದ್ದರೆ ಅದನ್ನು ಯಾವ ಮತದಾನವೂ ಬದಲಿಸಲಾರದು. ಹೊಸ ವ್ಯಾಖ್ಯೆಯನ್ನು ಹಳೆಯದಕ್ಕೆ ಹೊಂದುವಂತೆಯೇ ರೂಪಿಸಿದ್ದರಿಂದ ಅಂಗಡಿಯ ತಕ್ಕಡಿ ತೋರುವ ತೂಕವೂ ಬದಲಾಗಿಲ್ಲ.