‘ಸುಧಾರಣೆ ಕಂಡಿದೆ’ ಅಂತ ಬರೆದರೆ ಅದು ಪೆಟ್ ರಿಪೋರ್ಟ್ ಆಗಲ್ಲ

ಈಗಷ್ಟೇ ಒಂದು ಪೆಟ್-ಸಿಟಿ ರಿಪೋರ್ಟ್ ಓದಿ ಮುಗಿಸಿದೆ. ಎಫ್‌ಡಿಜಿ ಅನ್ನೋ, ವಿಕಿರಣ ಸೂಸುವ ಸಕ್ಕರೆಯಂಥ ವಸ್ತು ಚುಚ್ಚಿ, ಅದನ್ನು ಹೆಚ್ಚು ಎಳ್ಕೊಂಡ ಜಾಗ ಹೊಳೆಯೋದನ್ನು ನೋಡುವ ಸ್ಕ್ಯಾನ್ ಇದು. ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ದುಗ್ಧಗ್ರಂಥಿ ಕ್ಯಾನ್ಸರ್, ಎಬಿವಿಡಿ ಅನ್ನೋ ನಾಲ್ಕು ಔಷಧಿಗಳ ಕೀಮೋ ಎರಡು ಸೈಕಲ್ ಆದಮೇಲೆ ಮಾಡಿದ ಸ್ಕ್ಯಾನ್. ಮೂರು ಪುಟದ ಕೊನೆಗೆ ಒಂದು ಸಾಲು: ಮೊದಲಿಗಿಂತ ಸುಧಾರಣೆ ಕಂಡಿದೆ, ಅಲ್ಪಸ್ವಲ್ಪ ಉಳಿದಿದೆ. ಗಂಟು ಇನ್ನೂ ಎಷ್ಟು ಹೊಳೀತಿದೆ ಅಂತ 1ರಿಂದ 5ರೊಳಗಿನ ಅಂಕೆಯಲ್ಲಿ ಹೇಳುವ ಡೋವಿಲ್ ಸ್ಕೋರ್ ಇಲ್ಲ. ರಕ್ತದ ಸಕ್ಕರೆ ಎಷ್ಟಿತ್ತು, ಇಲ್ಲ. ಇಂಜೆಕ್ಷನ್ ಆಗಿ ಎಷ್ಟು ನಿಮಿಷಕ್ಕೆ ಸ್ಕ್ಯಾನ್, ಅದೂ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದೇ ಬಿಸಿಯಲ್ಲಿ ಬರೀತಿದೀನಿ.

ಯಾಕಿಷ್ಟು ಸಿಟ್ಟು? ಎರಡನೇ ಸೈಕಲ್ ಮುಗಿದಮೇಲಿನ ಈ ಸ್ಕ್ಯಾನ್ ಮಾಡೋದು ಮುಂದಿನ ನಾಲ್ಕು ತಿಂಗಳು ಯಾವ ಔಷಧಿ ಅಂತ ತೀರ್ಮಾನಿಸೋಕೆ. 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಎರಡು ಸೈಕಲ್ ಆದಮೇಲೆ ಪೆಟ್ ನೆಗೆಟಿವ್ ಬಂದವರಲ್ಲಿ ಅರ್ಧ ಜನರಿಗೆ ಎಬಿವಿಡಿಯ ನಾಲ್ಕು ಔಷಧಿಗಳಲ್ಲಿ ಒಂದಾದ ಬ್ಲಿಯೋಮೈಸಿನ್ ನಿಲ್ಲಿಸಿದರು. ನಿಲ್ಲಿಸಿದವರಲ್ಲಿ ಮೂರು ವರ್ಷಕ್ಕೆ ರೋಗ ಮರುಕಳಿಸದೆ ಉಳಿದವರು ಶೇ. 84.4, ಬ್ಲಿಯೋಮೈಸಿನ್ ಮುಂದುವರಿಸಿದವರಲ್ಲಿ ಶೇ. 85.7. ವ್ಯತ್ಯಾಸ ಅಷ್ಟೇ, ಆದರೆ ಶ್ವಾಸಕೋಶಕ್ಕೆ ಆಗುವ ಹಾನಿ ಕಡಿಮೆಯಾಯ್ತು. ಪಾಸಿಟಿವ್ ಬಂದವರಿಗೆ ಬೀಕಾಪ್ ಅನ್ನೋ ಇನ್ನೂ ಕಠಿಣ ಔಷಧಿಗಳ ಗುಂಪು, ಮುಂದೆ ಮಕ್ಕಳಾಗುವ ಸಾಧ್ಯತೆಗೇ ಅದು ಪೆಟ್ಟು ಕೊಡಬಹುದು. ಈ ರೋಗ ಬರುವವರಲ್ಲಿ ಎಷ್ಟೋ ಜನ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು. ಅವರ ಮುಂದೆ ‘ಅಲ್ಪಸ್ವಲ್ಪ’ ಅನ್ನೋ ಪದ ಇಡ್ತೀರಾ?

ಅಳತೆಗೋಲು ಇಲ್ಲದೇ ಇದ್ದರೆ ಮಾತು ಬೇರೆ. 2009ರಲ್ಲಿ ಫ್ರಾನ್ಸಿನ ಡೋವಿಲ್ ಊರಿನಲ್ಲಿ ತಜ್ಞರು ಸೇರಿ ಐದು ಮೆಟ್ಟಿಲಿನ ಅಳತೆಯೊಂದನ್ನು ಒಪ್ಪಿಕೊಂಡರು. ಏನೂ ಹೊಳೀತಿಲ್ಲ ಅಂದರೆ 1. ಎದೆಯ ನಡುವಿನ ದೊಡ್ಡ ರಕ್ತನಾಳದಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ 2. ಅದಕ್ಕಿಂತ ಹೆಚ್ಚು, ಲಿವರ್ ಮೀರಿಲ್ಲ ಅಂದರೆ 3. ಲಿವರ್‌ಗಿಂತ ಸ್ವಲ್ಪ ಹೆಚ್ಚಿದ್ದರೆ 4. ಬಹಳ ಹೆಚ್ಚಿದ್ದರೆ ಅಥವಾ ಹೊಸ ಗಂಟು ಎದ್ದಿದ್ದರೆ 5. ಮೂರರ ತನಕ ನೆಗೆಟಿವ್, ನಾಲ್ಕರಿಂದ ಪಾಸಿಟಿವ್. ಒಂದೇ ಒಂದು ಅಂಕೆ ಬರೀಬೇಕು, ಅಷ್ಟೇ.

ಲಿವರ್ ಜೊತೆಗೇ ಯಾಕೆ ಹೋಲಿಸಬೇಕು ಅನ್ನೋದು ಗೊತ್ತಾದರೆ ಆ ಅಂಕೆಯ ಬೆಲೆ ಗೊತ್ತಾಗುತ್ತೆ. ಗಂಟು ಎಷ್ಟು ಎಫ್‌ಡಿಜಿ ಎಳ್ಕೊಂಡಿದೆ ಅನ್ನೋಕೆ ಎಸ್‌ಯುವಿ ಅಂತ ಒಂದು ಸಂಖ್ಯೆ ಕೊಡ್ತೀವಲ್ಲ, ಅದರ ಲೆಕ್ಕದಲ್ಲಿ ಕೊಟ್ಟ ವಿಕಿರಣದ ಪ್ರಮಾಣವೂ ರೋಗಿಯ ತೂಕವೂ ಸೇರಿವೆ. ಕೀಮೋದಲ್ಲಿ 62 ಕೆಜಿಯಿಂದ 54ಕ್ಕೆ ಇಳಿದವರನ್ನು ತಕ್ಕಡಿ ಮೇಲೆ ನಿಲ್ಲಿಸದೆ ಬಾಯಲ್ಲಿ ಕೇಳಿ 62 ಅಂತಲೇ ಬರೆದರೆ, ಎಸ್‌ಯುವಿ ಸುಮಾರು ಶೇ. 15 ಸುಳ್ಳಾಗಿ ಏರುತ್ತೆ. ಎಫ್‌ಡಿಜಿಯಲ್ಲಿ ವಿಕಿರಣ ಸೂಸೋದು ಫ್ಲೋರಿನ್-18, ಸುಮಾರು 110 ನಿಮಿಷಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತೆ. ಹಾಗಾಗಿ ಡೋಸ್ ಅಳೆಯುವ ಕೋಣೆಯ ಗಡಿಯಾರಕ್ಕೂ ಸ್ಕ್ಯಾನರ್ ಗಡಿಯಾರಕ್ಕೂ 10 ನಿಮಿಷ ವ್ಯತ್ಯಾಸ ಇದ್ದರೆ ಶೇ. 6ರಷ್ಟು ತಪ್ಪು. ಸಿರಿಂಜಿನಲ್ಲಿ ಉಳಿದದ್ದನ್ನು ಅಳೆಯದಿದ್ದರೆ ಮತ್ತಷ್ಟು. ಈ ತಪ್ಪುಗಳೆಲ್ಲ ಗಂಟಿಗೂ ಲಿವರಿಗೂ ಒಂದೇ ಪ್ರಮಾಣದಲ್ಲಿ ಬೀಳ್ತವೆ, ಹೋಲಿಸಿದಾಗ ಹೊಡೆದುಹೋಗ್ತವೆ. ಡೋವಿಲ್ ಅಳತೆಯ ಬಲ ಇರೋದೇ ಅಲ್ಲಿ.

ಆದರೆ ಎಲ್ಲ ತಪ್ಪೂ ಹೊಡೆದುಹೋಗಲ್ಲ. ಹೊತ್ತು ಕಳೆದಂತೆ ಗಂಟು ಎಫ್‌ಡಿಜಿಯನ್ನು ಎಳ್ಕೊಳ್ತಾನೇ ಇರುತ್ತೆ, ಲಿವರ್ ಇಳೀತಾ ಹೋಗುತ್ತೆ. ಕೀಮೋಗೆ ಮುಂಚಿನ ಮೊದಲ ಸ್ಕ್ಯಾನ್ ಇಂಜೆಕ್ಷನ್ ಆಗಿ 60ನೇ ನಿಮಿಷಕ್ಕೆ, ಎರಡನೇದು ಯಂತ್ರ ಖಾಲಿಯಿಲ್ಲ ಅಂತ 100ನೇ ನಿಮಿಷಕ್ಕೆ ಮಾಡಿದರೆ, 3 ಇರಬೇಕಾದ್ದು 4 ಆಗಬಹುದು. ಅದಕ್ಕೇ ಎರಡರ ನಡುವೆ 10 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ ಅನ್ನೋದು. ಸಕ್ಕರೆ 200 ದಾಟಿದ್ದರೆ ಗಂಟಿನೊಳಗೆ ಹೋಗುವ ಬಾಗಿಲಲ್ಲೇ ಗ್ಲುಕೋಸ್ ಮತ್ತು ಎಫ್‌ಡಿಜಿ ಪೈಪೋಟಿಗೆ ಬೀಳ್ತವೆ, ಇರುವ ರೋಗವೂ ಮಂಕಾಗಿ ಕಾಣುತ್ತೆ. ಅದನ್ನು ಇಳಿಸೋಕೆ ಆಗಲೇ ಇನ್ಸುಲಿನ್ ಚುಚ್ಚಿ ಎಫ್‌ಡಿಜಿ ಕೊಟ್ಟರೆ ಎಲ್ಲವೂ ಮಾಂಸಖಂಡಕ್ಕೆ ಹೋಗುತ್ತೆ, ಆ ಚಿತ್ರ ಯಾವುದಕ್ಕೂ ಬರಲ್ಲ. ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಇತ್ತೀಚೆಗೆ ಆಗಿದ್ದರೆ ಇಡೀ ಮಜ್ಜೆ ಹೊಳೆಯುತ್ತೆ.

ಇನ್ನು ಚಳಿ. ಎಸಿ ಕೋಣೆಯಲ್ಲಿ ತೆಳ್ಳಗಿನ ಹುಡುಗಿಯೊಬ್ಬಳನ್ನು ಒಂದು ಗಂಟೆ ಹೊದಿಕೆಯಿಲ್ಲದೆ ಕೂರಿಸಿದರೆ ಕತ್ತು, ಹೆಗಲಿನ ಕಂದು ಕೊಬ್ಬು ಉರಿಯೋಕೆ ಶುರುವಾಗುತ್ತೆ, ಮೈ ಬೆಚ್ಚಗಿಡೋದೇ ಅದರ ಕೆಲಸ. ಆಗ ಅದೂ ಎಫ್‌ಡಿಜಿ ಎಳ್ಕೊಂಡು ಸ್ಕ್ಯಾನಿನಲ್ಲಿ ಹೊಳೆಯುತ್ತೆ. ಹಾಡ್ಜ್‌ಕಿನ್ ಗಂಟುಗಳು ಇರೋದೂ ಅದೇ ಕತ್ತಿನಲ್ಲಿ. ಒಂದು ಕಂಬಳಿ ಕೊಡದ ತಪ್ಪಿಗೆ ರೋಗ ಉಳಿದಿದೆ ಅನ್ನೋ ಅನುಮಾನ ಹುಟ್ಟಬಹುದು. ಕಂಬಳಿ!

‘ಅನುಭವಿ ಡಾಕ್ಟರಿಗೆ ಕಣ್ಣಲ್ಲೇ ತಿಳಿಯುತ್ತೆ, ದಿನಕ್ಕೆ ಇಪ್ಪತ್ತು ರಿಪೋರ್ಟ್ ಬರೆಯೋರಿಗೆ ಇದೆಲ್ಲ ಎಲ್ಲಿ ಬಿಡುವು’ ಅಂತ ಕೆಲವರು ಹೇಳ್ತಾರೆ. ಕೆಲಸದ ಹೊರೆ ನಿಜ, ಒಪ್ತೀನಿ. ಆದರೆ ಕಣ್ಣು ಮೋಸ ಹೋಗುತ್ತೆ. ಸುತ್ತ ಕಪ್ಪಗಿದ್ದರೆ ಮಂದ ಬೆಳಕೂ ಪ್ರಖರವಾಗಿ ಕಾಣುತ್ತೆ, 3 ಮತ್ತು 4ರ ನಡುವೆ ಹೆಚ್ಚು ಎಡವೋದೇ ಹೀಗೆ. ಲಿವರ್ ಮೇಲೊಂದು ವೃತ್ತ, ಗಂಟಿನ ಮೇಲೊಂದು ವೃತ್ತ ಎಳೆದು ಅಳೆಯೋಕೆ ಎರಡು ನಿಮಿಷ ಸಾಕು. ತೂಕ, ಸಕ್ಕರೆ, ಡೋಸ್, ನಿಮಿಷ, ಸ್ಕೋರ್: ಐದು ಅಂಕೆ. ಇದಕ್ಕೆ ಬಿಡುವಿಲ್ಲ ಅಂದರೆ ನಾನು ಒಪ್ಪಲ್ಲ.

ಮನೆಯವರಿಗೂ ಒಂದು ಮಾತು. ಎರಡು ರಿಪೋರ್ಟಿನ ಎಸ್‌ಯುವಿ ಮಾತ್ರ ಪಕ್ಕಪಕ್ಕ ಇಟ್ಟು ರಾತ್ರಿಯಿಡೀ ಅಳಬೇಡಿ, 4.2 ಇದ್ದದ್ದು 4.8 ಆಗೋಕೆ ಮೇಲೆ ಹೇಳಿದ ತೂಕದ ತಪ್ಪೊಂದೇ ಸಾಕು. ನೆಗೆಟಿವ್ ಬಂದರೂ ಕೀಮೋ ತಪ್ಪಿಸಬೇಡಿ, ಮೇಲಿನ ಲೆಕ್ಕದಲ್ಲಿ ನೂರಕ್ಕೆ ಹದಿನೈದು ಜನರಲ್ಲಿ ರೋಗ ಮತ್ತೆ ತಲೆ ಎತ್ತಿದೆ. ಸ್ಕ್ಯಾನಿಗೆ ಆರು ಗಂಟೆ ಮುಂಚಿನಿಂದ ನೀರು ಬಿಟ್ಟು ಏನೂ ಬೇಡ, ಅರ್ಧ ಲೋಟ ಕಾಫಿಯೂ ಬೇಡ. ಹಿಂದಿನ ದಿನ ಓಟ, ಭಾರ ಎತ್ತೋದು ಬೇಡ. ಸ್ವೆಟರ್ ಹಾಕಿಕೊಂಡು ಹೋಗಿ. ಸಾಧ್ಯವಾದರೆ ಎರಡೂ ಸ್ಕ್ಯಾನ್ ಒಂದೇ ಯಂತ್ರದಲ್ಲಿ ಮಾಡಿಸಿ. ಬೇರೆ ಕಡೆ ಹೋಗಲೇಬೇಕಾದರೆ ಮೊದಲ ಸ್ಕ್ಯಾನಿನ ಸಿಡಿ ಕೇಳಿ ತಗೊಂಡು ಹೋಗಿ. ಪ್ರಿಂಟ್ ಹಾಕಿದ ಫಿಲ್ಮ್ ಮೇಲೆ ಲಿವರನ್ನು ಅಳೆಯೋಕೆ ಯಾರಿಂದಲೂ ಆಗಲ್ಲ.