ಕೋವಿಡ್ ಲ್ಯಾಬಿಗೆ ಬೀಗ ಬೇಡ, ದಿನಾ ಕೆಲಸ ಕೊಡಿ

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತು ಅಂದಿತು. ದಾವಣಗೆರೆ, ಚಿತ್ರದುರ್ಗದಂಥ ಜಿಲ್ಲೆಗಳ ಆರ್‌ಟಿಪಿಸಿಆರ್ ಲ್ಯಾಬುಗಳನ್ನು ಮುಂದೇನು ಮಾಡಬೇಕು ಅನ್ನೋದು ಮಾತ್ರ ಇತ್ಯರ್ಥವಾಗಿಲ್ಲ. ಮುಂದಿನ ಸಾಂಕ್ರಾಮಿಕ ಯಾವಾಗ, ಯಾವ ವೈರಸ್ಸಿನದು, ಯಾರಿಗೂ ಗೊತ್ತಿಲ್ಲ. "ಬಂದಾಗ ಬಾಗಿಲು ತೆಗೆದರಾಯ್ತು" ಅನ್ನುವವರಿದ್ದಾರೆ. ಅದು ಆಗದ ಮಾತು.

ಪಿಸಿಆರ್ ಯಂತ್ರ ವೈರಸ್ಸಿನ ಜೀನ್ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡುತ್ತದೆ. ಅದು ಅಳೆಯುವುದು ನಕಲು ಹೆಚ್ಚಿದಂತೆ ಹೊಮ್ಮುವ ಬೆಳಕನ್ನು. ಕಾಲಕಾಲಕ್ಕೆ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂದು ತಾಳೆ ನೋಡಿ ಹೊಂದಿಸುವುದು) ಆಗದಿದ್ದರೆ ಅದರ ಗ್ರಾಫ್ ನಂಬುವ ಹಾಗಿಲ್ಲ. ಸ್ಯಾಂಪಲ್ ತೆರೆಯುವ ಸುರಕ್ಷಿತ ಪೆಟ್ಟಿಗೆ, ಅಂದರೆ ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲಿ ಗಾಳಿ ಸೋಸುವ ಹೆಪಾ ಫಿಲ್ಟರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕು, ಇಲ್ಲದಿದ್ದರೆ ಅದರ ಮುಂದೆ ಕೂತವರಿಗೇ ಅಪಾಯ. ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ಇನ್ನೂ ಸೂಕ್ಷ್ಮ: ಬೇಸಿಗೆಯಲ್ಲಿ ಕೋಣೆಗೆ ಎಸಿ ಇಲ್ಲದೆ, ಕರೆಂಟ್ ಹೋಗಿ ಬಂದು ಮಾಡಿದರೆ ಕಂಪ್ರೆಸರ್ ಕೈಕೊಡುತ್ತದೆ. ಯಂತ್ರ ಕೊಳ್ಳುವಾಗಲೇ ಎಎಂಸಿಯ (ವಾರ್ಷಿಕ ನಿರ್ವಹಣಾ ಒಪ್ಪಂದ) ದುಡ್ಡನ್ನೂ ಬಜೆಟ್ಟಿನಲ್ಲಿ ಇಡಬೇಕು.

ಟೆಸ್ಟ್ ಕಿಟ್ ರಾಶಿ ಹಾಕಿಡುವುದನ್ನು ನಾನು ಒಪ್ಪುವುದಿಲ್ಲ. ಕಿಟ್ಟಿನಲ್ಲಿ ನಕಲು ಮಾಡುವ ಎನ್‌ಜೈಮ್ ಮೈನಸ್ 20 ಡಿಗ್ರಿಯಲ್ಲಿರಬೇಕು, ಪದೇಪದೇ ಕರಗಿ ಗಟ್ಟಿಯಾದರೆ ಸತ್ವ ಹೋಗುತ್ತದೆ, ಜತೆಗೆ ಎಕ್ಸ್‌ಪೈರಿ. ಹೊಸ ವೈರಸ್ಸಿಗೆ ಹಳೇ ಕಿಟ್ಟಿನ ಪ್ರೈಮರ್ (ಆಯಾ ವೈರಸ್ಸಿನ ಜೀನನ್ನು ಗುರುತು ಹಿಡಿಯುವ ಡಿಎನ್‌ಎ ತುಣುಕು) ಹೊಂದುವುದೂ ಇಲ್ಲ. ಬದಲಿಗೆ ಯಾವ ಕಂಪನಿಯ ಕಿಟ್ ಹಾಕಿದರೂ ಓಡುವ ಓಪನ್ ಯಂತ್ರ ಇಟ್ಟುಕೊಳ್ಳಿ. ಅದರಲ್ಲೇ ಎಚ್1ಎನ್1, ಹೆಪಟೈಟಿಸ್ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ), ಜ್ವರದ ಮೊದಲ ಐದು ದಿನದೊಳಗಿನ ಡೆಂಗಿ ನೋಡಬಹುದು. ಐದು ದಿನ ಕಳೆದರೆ ಡೆಂಗಿಗೆ ರಕ್ತದಲ್ಲಿನ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಟೆಸ್ಟ್ ಸಾಕು.

ಒಮ್ಮೆಲೇ ಸ್ಯಾಂಪಲ್ ನುಗ್ಗಿದರೆ? 96 ವೆಲ್ಲಿನ (ಪುಟ್ಟ ಗುಳಿ) ಪ್ಲೇಟಿನಲ್ಲಿ ಎರಡು ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ, ತಾಳೆಗೆಂದು ಇಡುವ ಒಂದು ಪಾಸಿಟಿವ್, ಒಂದು ನೆಗೆಟಿವ್) ಬಿಟ್ಟು 94 ಸ್ಯಾಂಪಲ್ ಹಿಡಿಯುತ್ತವೆ. ಐದೈದನ್ನು ಬೆರೆಸಿ ಪೂಲ್ ಮಾಡಿ, ಪಾಸಿಟಿವ್ ಬಂದ ಪೂಲನ್ನಷ್ಟೇ ಬಿಡಿಸಿ ನೋಡಬಹುದು. ನೂರಕ್ಕೆ ಒಬ್ಬರಿಗೆ ಸೋಂಕಿದ್ದರೆ 100 ಸ್ಯಾಂಪಲ್ ಸುಮಾರು 25 ಟೆಸ್ಟಿನಲ್ಲಿ ಮುಗಿಯುತ್ತವೆ, ಹತ್ತು ಜನಕ್ಕಿದ್ದರೆ 61 ಬೇಕು. ಮೂವತ್ತಕ್ಕೆ ಏರಿದರೆ 103, ಅಂದರೆ ಬೆರೆಸಿದ್ದೇ ದಂಡ! ಯಾವ ಮಟ್ಟದಲ್ಲಿ ಪೂಲಿಂಗ್ ನಿಲ್ಲಿಸಬೇಕು ಅನ್ನುವುದನ್ನು ಈಗಲೇ ಬರೆದಿಡಿ. ಸೋಂಕು ತೀರಾ ಕಡಿಮೆ ಇದ್ದವರ ಸ್ಯಾಂಪಲ್ ಬೆರೆತು ತೆಳುವಾದರೆ ತಪ್ಪಿಹೋಗಬಹುದು ಅನ್ನುವ ಎಚ್ಚರವೂ ಇರಲಿ.

ಗಡಿಬಿಡಿಯಲ್ಲಿ ಮೊದಲು ಕೆಡುವುದು ಕೋಣೆಗಳ ಶಿಸ್ತು. ಮಾಸ್ಟರ್ ಮಿಕ್ಸ್ (ರಾಸಾಯನಿಕ ಬೆರೆಸುವುದು), ಎಕ್ಸ್‌ಟ್ರಾಕ್ಷನ್ (ಸ್ಯಾಂಪಲ್ಲಿನಿಂದ ಜೀನ್ ತೆಗೆಯುವುದು), ಆಂಪ್ಲಿಫಿಕೇಷನ್ (ಯಂತ್ರದಲ್ಲಿ ನಕಲು ಮಾಡುವುದು) ಮೂರಕ್ಕೂ ಬೇರೆ ಕೋಣೆ, ಬೇರೆ ಪಿಪೆಟ್, ಬೇರೆ ಏಪ್ರನ್. ರನ್ ಮುಗಿದ ಟ್ಯೂಬಿನ ಮುಚ್ಚಳ ತೆಗೆಯಲೇಬಾರದು. ತೆಗೆದರೆ ಕೋಟ್ಯಂತರ ಡಿಎನ್‌ಎ ಪ್ರತಿಗಳು ಗಾಳಿಗೆ ಸೇರಿ, ಮುಂದಿನ ರನ್ನಿನ ನೆಗೆಟಿವ್ ಕಂಟ್ರೋಲಿನಲ್ಲೂ ಗ್ರಾಫ್ ಏಳುತ್ತದೆ. ಆಮೇಲೆ ಆ ರನ್ನಿನ ಒಂದು ಪಾಸಿಟಿವ್ ವರದಿಯನ್ನೂ ಕೊಡುವ ಹಾಗಿಲ್ಲ.

ಇದೆಲ್ಲ ಕೈಗೆ ಕೂತಿರುವುದು ಟೆಕ್ನಿಷಿಯನ್ನರಿಗೆ. ಗುತ್ತಿಗೆ ಮುಗಿಯಿತೆಂದು ಅವರನ್ನು ಮನೆಗೆ ಕಳಿಸಿದರೆ ಯಂತ್ರ ಉಳಿಸಿಕೊಂಡು ಪ್ರಯೋಜನವೇನು? ಜಿಲ್ಲೆಗೆ ಕನಿಷ್ಠ ಇಬ್ಬರನ್ನಾದರೂ ಕಾಯಂ ಮಾಡಿ, ವಾರಕ್ಕೊಂದು ಪ್ಲೇಟನ್ನಾದರೂ ಅವರ ಕೈಯಲ್ಲಿ ಓಡಿಸಿ. ಜಗಳೂರು, ಮೊಳಕಾಲ್ಮುರಿನಂಥ ತಾಲ್ಲೂಕುಗಳಿಂದ ಸ್ಯಾಂಪಲ್ಲನ್ನು 2ರಿಂದ 8 ಡಿಗ್ರಿಯಲ್ಲಿ ತರುವ ಗಾಡಿ ಯಾರದು, ಡೇಟಾ ಎಂಟ್ರಿಗೆ ಯಾರು ಕೂರುತ್ತಾರೆ ಅನ್ನುವುದೂ ಅದೇ ಯೋಜನೆಯಲ್ಲಿರಲಿ.